ಹಲಗೆ ತಳ್ಳೋಕೆ ಬರ್ತೀರಾ?

"ನಿಲ್ಸಿ! ನಿಲ್ಸಿ... ಅಯ್ಯೋ, ನನ್ನ ಕುರ್ಚಿ!"

ಕಟಕ್!

ಮನೆಗಾಡಿಗಳ ತಂಗುದಾಣದಲ್ಲಿ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದ ಅವಳು ಬ್ರೇಕ್ ಒತ್ತಿ ಕಿಟಕಿಯಿಂದ ತಲೆ ಹೊರಹಾಕಿದಳು. ಬಸ್ಸಿನಷ್ಟು ಉದ್ದದ ಅವಳ ಮನೆಗಾಡಿಯ ಹಿಂದಿನ ಚಕ್ರದ ಕೆಳಗೆ ಮಡಚುವ ಕುರ್ಚಿಯೊಂದು ಅಪ್ಪಚ್ಚಿಯಾಗಿ ಬಿದ್ದಿತ್ತು. ಪಕ್ಕದಲ್ಲಿ ಒಬ್ಬ ಗಂಡಸು, ಚಹಾದ ಲೋಟ ಹಿಡಿದು, ಬಾಯಿ ಬಿಟ್ಟುಕೊಂಡು ನಿಂತಿದ್ದ.

ತಪ್ಪು ಅವಳದೇ. ಆದರೆ ತಪ್ಪು ತನ್ನದಾದಾಗಲೇ ಈ ಹುಡುಗಿಯ ಗಂಟಲು ಇನ್ನೂ ಜೋರು. ಹುಟ್ಟುಗುಣ, ಏನು ಮಾಡೋಕಾಗುತ್ತೆ?

"ಗಾಡಿ ನಿಲ್ಲಿಸೋ ಜಾಗದಲ್ಲಿ ಕುರ್ಚಿ ಹಾಕ್ಕೊಂಡು ಕೂರ್ತಾರೇನ್ರೀ?"

"ಇದು ನನ್ನ ಜಾಗ ಕಣ್ರೀ. ನಿಮ್ಮದು ಪಕ್ಕದ್ದು." ಅವನು ತನ್ನ ಪುಟ್ಟ ನೀಲಿ ಮನೆಗಾಡಿಯತ್ತ ಕೈ ತೋರಿಸಿದ. "ಹಿಂದೆ ನಿಂತು ದಾರಿ ಹೇಳ್ಲಾ?"

"ಬೇಡ! ನನಗೆ ಯಾರ ಸಹಾಯವೂ ಬೇಡ!"

ಅಷ್ಟಕ್ಕೆ ಅಷ್ಟೊಂದು ಕೋಪ ಯಾಕೆ ಅಂತೀರಾ? ಕೇಳಿ.

ಅವಳ ಅಪ್ಪ ಹಳೇ ಬಸ್ಸೊಂದನ್ನು ತಂದು ಕೈಯಾರೆ ಕಟ್ಟಿದ ಗಾಡಿ ಅದು. ಮಡಚುವ ಮಂಚ, ಒಂದು ಒಲೆ, ಅಂಗೈಯಗಲದ ಸಿಂಕು. ಒಳಗಿನ ಹೊದಿಕೆಗಳನ್ನೆಲ್ಲ ಹೊಲಿದವಳು ಅವಳು. ಕಾರು, ಬಸ್ಸುಗಳ ಸೀಟು ಹೊಲಿಯುವುದೇ ಅವಳ ಕಸುಬು. ಅಪ್ಪ ಹೋದ ಮೇಲೆ ಅಣ್ಣ ಗಾಡಿ ಮಾರಲು ಹೊರಟ.

"ಇಷ್ಟು ದೊಡ್ಡ ಗಾಡಿ ನೀನೊಬ್ಬಳೇ ಓಡಿಸ್ತೀಯಾ? ತಮಾಷೆ ಮಾಡ್ಬೇಡ ಪುಟ್ಟಿ!"

"ಓಡಿಸಿ ತೋರಿಸ್ತೀನಿ!"

"ಹಾಗಾದ್ರೆ ಈ ಬೇಸಿಗೇಲಿ ಸಮುದ್ರದ ತುದಿಯ ದೀಪಸ್ತಂಭದವರೆಗೆ ಹೋಗು. ದಾರೀಲಿ ಯಾರ ಸಹಾಯ ತಗೊಂಡ್ರೂ ಗಾಡಿ ಮಾರ್ತೀನಿ. ತಗೊಳ್ದೇ ಹೋದ್ರೆ ಗಾಡಿ ನಿನ್ನದು."

"ಆಯ್ತು!" ಅಂದುಬಿಟ್ಟಿದ್ದಳು, ಅವನ ಮಾತು ಮುಗಿಯುವ ಮೊದಲೇ.

ಕುರ್ಚಿ ಅಪ್ಪಚ್ಚಿಯಾದ ದಿನ ಸಂಜೆಯೇ ಅವಳು ಅದನ್ನು ಎತ್ತಿಕೊಂಡು ಬಂದಳು. ಕಂಬಿ ಬಗ್ಗಿಸಿ ನೆಟ್ಟಗೆ ಮಾಡಿ, ಹಸಿರು ಕ್ಯಾನ್ವಾಸ್ ಹಾಕಿ, ದಪ್ಪ ದಾರದಲ್ಲಿ ಹೊಲಿದು ಅವನ ಬಾಗಿಲಲ್ಲಿ ಇಟ್ಟಳು.

"ಅಂದ್ರೆ ನಾನು ಸಹಾಯ ತಗೋಬಹುದು, ನೀವು ಮಾತ್ರ ತಗೊಳ್ಳಲ್ಲ?"

"ಇದು ಸಹಾಯ ಅಲ್ಲ, ದಂಡ!"

ಅವನು ಗಹಗಹಿಸಿ ನಕ್ಕ. ಅವಳಿಗೂ ನಗು ಬಂತು. ಬರಬಾರದಿತ್ತು... ಆದರೂ ಬಂತು.

ಅವನು ಪಿಯಾನೋಗಳಿಗೆ ಶ್ರುತಿ ಕೂರಿಸುವವನು. ಬೇಸಿಗೆ ರಜೆಯಲ್ಲಿ ಶಾಲೆಗಳು ಖಾಲಿ ಇರುವಾಗ ಊರೂರು ಸುತ್ತಿ, ಮಕ್ಕಳು ವರ್ಷಪೂರ್ತಿ ಕುಟ್ಟಿ ಹಾಳುಮಾಡಿದ ಪಿಯಾನೋಗಳನ್ನು ಸರಿಮಾಡುತ್ತಿದ್ದ. ಅವನ ಶಾಲೆಗಳೂ ಅವಳ ದಾರಿಯೂ ಒಂದೇ ಹೆದ್ದಾರಿಯಲ್ಲಿದ್ದವು. ಹಾಗಾಗಿ ಮುಂದಿನ ತಂಗುದಾಣದಲ್ಲೂ ನೀಲಿ ಗಾಡಿ, ಅದರ ಮುಂದಿನದರಲ್ಲೂ ನೀಲಿ ಗಾಡಿ!

'ಇವನೇನು ನನ್ನ ಹಿಂದೆ ಬರ್ತಿದ್ದಾನಾ?' ಅಂದುಕೊಂಡಳು ಮೊದಮೊದಲು.

'ಇವತ್ತು ಇನ್ನೂ ಯಾಕೆ ಬಂದಿಲ್ಲ?' ಅಂದುಕೊಳ್ಳತೊಡಗಿದಳು ಆಮೇಲೆ.

ಪ್ರತಿ ಊರಲ್ಲೂ ಅವಳದೊಂದು ಕಸರತ್ತು. ಗಾಡಿ ಓರೆಯಾಗಿ ನಿಂತರೆ ಮಲಗಿದವರು ಜಾರುತ್ತಾರೆ, ಒಲೆಯ ಮೇಲಿನ ಪಾತ್ರೆಯೂ ಜಾರುತ್ತದೆ. ಅದಕ್ಕೆ ಅಪ್ಪನದೊಂದು ಉಪಾಯವಿತ್ತು. ಸ್ಟೀಲಿನ ಬಟ್ಟಲೊಂದರ ಒಳಗೆ ಸುತ್ತಲೂ ಗೆರೆ ಗೀಚಿದ್ದ. ಬಟ್ಟಲನ್ನು ಮೇಜಿನ ಮೇಲಿಟ್ಟು ನೀರು ಹಾಕಬೇಕು. ನೀರು ಎಲ್ಲ ಕಡೆಯೂ ಗೆರೆಗೆ ತಾಗಿದರೆ ಗಾಡಿ ಸಮ. ಇಲ್ಲದಿದ್ದರೆ ತಗ್ಗಿದ ಕಡೆ ಜಾಕ್ ಹಾಕಿ ಎತ್ತಿ ಚಕ್ರದ ಕೆಳಗೆ ಹಲಗೆ ತಳ್ಳಬೇಕು. ಅವಳು ಇಳಿದು ಹಲಗೆ ತಳ್ಳುವುದು, ಹತ್ತಿ ಬಟ್ಟಲು ನೋಡುವುದು, ಮತ್ತೆ ಇಳಿಯುವುದು... ಬೆವರು ಕಿತ್ತುಬರುತ್ತಿತ್ತು.

ಅವನು ದೂರದಲ್ಲಿ ಹಸಿರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಪಂದ್ಯದ ವಿಷಯ ಅವಳೇ ಹೇಳಿದ್ದಳು. ಹಾಗಾಗಿ ಪಾಪ, ಕೈ ಕಟ್ಟಿಕೊಂಡು ಕೂರುತ್ತಿದ್ದ.

ಬೆಟ್ಟದ ಮೇಲಿನ ತಂಗುದಾಣಕ್ಕೆ ಬಂದ ದಿನ ಅವಳ ಸೊಂಟ ಹಿಡಿದುಕೊಂಡಿತ್ತು. ಮೊದಲು ಬಿಸಿನೀರು ಮೈಮೇಲೆ ಬೀಳಲಿ, ಹಲಗೆ ಆಮೇಲೆ ಅಂದುಕೊಂಡು ತಂಗುದಾಣದ ಸ್ನಾನದ ಮನೆಗೆ ಹೋದಳು. ಬಂದು ಬಟ್ಟಲಿಗೆ ನೀರು ಹಾಕಿದರೆ... ಗೆರೆಯ ಸುತ್ತ ಒಂದು ಕೂದಲೆಳೆ ವ್ಯತ್ಯಾಸವಿಲ್ಲ!

ಹೊರಗೆ ಬಗ್ಗಿ ನೋಡಿದಳು. ಚಕ್ರದ ಕೆಳಗೆ ಅವಳದಲ್ಲದ ಹಲಗೆ! ಅದಕ್ಕೆ ಅಂಟಿಸಿದ್ದ ಕೆಂಪು ಉಣ್ಣೆಬಟ್ಟೆ, ಅವನು ಪಿಯಾನೋಗೆ ಹಾಕುವಂಥದ್ದು.

"ಇದನ್ನ ಇಟ್ಟಿದ್ದು ನೀವಾ?"

ಅವನು ಅಳುಕುತ್ತಲೇ ತಲೆಯಾಡಿಸಿದ. "ನಿಮಗೆ ನೋವಿತ್ತು... ನೋಡೋಕಾಗ್ಲಿಲ್ಲ. ಯಾರಿಗೂ ಗೊತ್ತಾಗಲ್ಲ ಬಿಡಿ."

"ನನಗೆ ಗೊತ್ತಲ್ಲ!"

ಅವಳ ಕಣ್ಣು ತುಂಬಿ ಬಂತು. "ಅಣ್ಣ ನನ್ನ ಕೈಲಾಗಲ್ಲ ಅಂತ ಬಾಯಿಬಿಟ್ಟು ಹೇಳಿದ. ನೀವು ಬಾಯಿ ಮುಚ್ಕೊಂಡು ಹೇಳಿದ್ರಿ! ಏನು ವ್ಯತ್ಯಾಸ?"

"ನಾನು ಹಾಗಂದ್ಕೊಂಡು..."

"ಸಾಕು! ಇನ್ನು ನನ್ನ ಹಿಂದೆ ಬರಬೇಡಿ!"

ಹಲಗೆಯನ್ನು ಎಳೆದು ಅವನ ಕಾಲ ಬಳಿ ಎಸೆದು, ಆ ಸೊಂಟನೋವಿನಲ್ಲೇ ಗಾಡಿ ಹೊರಡಿಸಿದಳು. ಕನ್ನಡಿಯಲ್ಲಿ ಹಸಿರು ಕುರ್ಚಿ ಚಿಕ್ಕದಾಗುತ್ತಾ ಹೋಯಿತು. ನೋಡಬಾರದು ಅಂದುಕೊಂಡೇ ತಿರುವು ಬರುವವರೆಗೂ ನೋಡಿದಳು.

ಬೆಟ್ಟ ಇಳಿದ ಮೇಲೆ ಗಾಡಿ ನಿಲ್ಲಿಸಿ ಅಣ್ಣನಿಗೆ ಫೋನ್ ಮಾಡಿದಳು. ಮುಚ್ಚಿಡಬಹುದಿತ್ತು. ಆದರೆ ಅವಳು ಅಂಥವಳಲ್ಲ.

"ಒಬ್ಬರು ನನ್ನ ಚಕ್ರದ ಕೆಳಗೆ ಹಲಗೆ ಇಟ್ರು. ನಾನು ಕೇಳಿರ್ಲಿಲ್ಲ, ಆದ್ರೂ ಪಂದ್ಯ ಸೋತೆ."

"ಹಾಗಾದ್ರೆ ಗಾಡಿ..."

"ಕೊಡಲ್ಲ!"

"ಏನಂದೆ?"

"ಕೊಡಲ್ಲ ಅಂದೆ! ಅಪ್ಪ ಕಟ್ಟಿದ ಗಾಡೀನ ಪಂದ್ಯಕ್ಕಿಡೋಕೆ ನೀನ್ಯಾರು? ಒಪ್ಪೋಕೆ ನಾನ್ಯಾರು? ನನಗೆ ಓಡಿಸೋಕೆ ಬರುತ್ತೆ, ನನಗೆ ಇಷ್ಟ, ಇದು ನನಗೆ ಬೇಕು. ಮಾರೋದಾದ್ರೆ ನನ್ನನ್ನ ಇದರಿಂದ ಎಳೆದು ಹಾಕಿ ಮಾರು!"

ಆ ಕಡೆ ಅಣ್ಣ ಸಣ್ಣಗೆ ನಕ್ಕ. "ಇದನ್ನ ಮೊದಲೇ ಹೇಳಿದ್ರೆ ಪಂದ್ಯವೇ ಇರ್ತಿರ್ಲಿಲ್ಲ ಕಣೇ ಮೊಂಡಿ. ಇಟ್ಕೋ." ಆಮೇಲೆ ಕೇಳಿದ. "ಆದ್ರೆ ಬಟ್ಟಲೂ ಹಲಗೆಯೂ ನೀನೊಬ್ಬಳೇ ನೋಡ್ಕೊಳ್ತಿದ್ಯಾ? ಅಪ್ಪ ಯಾವತ್ತೂ ಒಬ್ಬನೇ ಮಾಡ್ಲಿಲ್ಲ. ಅಮ್ಮ ಒಳಗೆ ಬಟ್ಟಲು ನೋಡಿ ಕೂಗ್ತಿದ್ಲು, ಅಪ್ಪ ಹೊರಗೆ ತಳ್ತಿದ್ದ. ನೀನು ಚಿಕ್ಕವಳು, ನಿದ್ದೆ ಮಾಡ್ತಿದ್ದೆ."

ಅವಳು ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತಳು. ಗಾಡಿ ಉಳಿದ ಖುಷಿಗೋ, ಅಪ್ಪ ಅಮ್ಮನ ನೆನಪಿಗೋ, ಹಿಂದೆ ಬಿಟ್ಟು ಬಂದವನಿಗೋ... ಎಲ್ಲದಕ್ಕೂ!

ಕೊನೆಗೂ ದೀಪಸ್ತಂಭ ಬಂತು. ಗಾಳಿ, ಬಂಡೆ, ಎದುರಿಗೆ ಬರೀ ಸಮುದ್ರ.

'ಬಂದುಬಿಟ್ಟೆ! ಯಾರಿಗೆ ಹೇಳಲಿ?'

ಹಲಗೆ ತೆಗೆದುಕೊಳ್ಳಲು ಇಳಿದವಳು ಹಾಗೇ ನಿಂತುಬಿಟ್ಟಳು. ದೂರದ ತುದಿಯಲ್ಲಿ ನೀಲಿ ಗಾಡಿ! ಅದರ ಮುಂದೆ ಹಸಿರು ಕುರ್ಚಿಯಲ್ಲಿ ಅವನು, ಅವಳ ಗಾಡಿಗೆ ಬೆನ್ನು ಹಾಕಿ ಕೂತಿದ್ದ.

ದಾಪುಗಾಲು ಹಾಕುತ್ತಾ ಹೋದಳು. "ಹಿಂದೆ ಬರಬೇಡಿ ಅಂದಿದ್ನಲ್ಲ?"

"ಹಿಂದೆ ಬರ್ಲಿಲ್ಲ. ಮುಂದೆ ಬಂದೆ. ದೊಡ್ಡ ಗಾಡಿ ಅಂತ ನೀವು ಬಳಸಿ ಬಂದ್ರಿ, ನಾನು ಒಳದಾರೀಲಿ ನೇರ ಬಂದೆ."

"ಇಲ್ಲಿ ಶಾಲೇನೂ ಇಲ್ಲ, ಪಿಯಾನೋನೂ ಇಲ್ಲ."

"ಗೊತ್ತು. ನೀವಿದ್ದೀರಿ." ಅವನು ಇನ್ನೂ ತಿರುಗಲಿಲ್ಲ. "ಕ್ಷಮೆ ಕೇಳೋಕೆ ಬಂದೆ, ಸಹಾಯ ಮಾಡೋಕಲ್ಲ. ನೋಡಿ, ಬೆನ್ನು ಹಾಕಿ ಕೂತಿದ್ದೀನಿ. ನಿಮ್ಮ ಸೊಂಟನೋವಿಗೆ ಮರುಗಿದೆ, ನಿಮ್ಮ ಮಾತಿಗೆ ಬೆಲೆ ಕೊಡ್ಲಿಲ್ಲ. ಇನ್ನು ನಿಮ್ಮನ್ನ ಕೇಳದೆ ಏನೂ ಮಾಡಲ್ಲ. ಆದ್ರೆ..."

"ಆದ್ರೆ?"

"ಒಂದನ್ನ ಆಗಲೇ ಮಾಡಿಬಿಟ್ಟಿದ್ದೀನಿ. ನಿಮ್ಮನ್ನ ಪ್ರೀತಿಸಿಬಿಟ್ಟಿದ್ದೀನಿ."

ಅವಳು ತನ್ನ ಗಾಡಿಯತ್ತ ತಿರುಗಿ ನೋಡಿದಳು.

"ನನ್ನ ಗಾಡಿ ಬಲಕ್ಕೆ ವಾಲಿದೆ," ಅಂದಳು. "ಹಲಗೆ ತಳ್ಳೋಕೆ ಬರ್ತೀರಾ?"

ಅವನು ಥಟ್ಟನೆ ತಿರುಗಿದ. "ಯಾರ ಸಹಾಯವೂ ಬೇಡ ಅಂತಿದ್ರಿ?"

"ಬೇಡ ಅಂದಿದ್ದೂ ನಾನೇ, ಈಗ ಕೇಳ್ತಿರೋದೂ ನಾನೇ. ಬರ್ತೀರೋ ಇಲ್ವೋ?"

ಬರದೆ ಇರುತ್ತಾನೆಯೇ? ಓಡಿಯೇ ಬಂದ!

ಅವಳು ಒಳಗೆ ಬಟ್ಟಲ ಮುಂದೆ ಕೂತಳು. ಅವನು ಹೊರಗೆ ಮೊಣಕಾಲೂರಿ ಹಲಗೆ ತಳ್ಳಿದ.

"ಈಗ?"

"ಇನ್ನೂ ಸ್ವಲ್ಪ!"

"ಈಗ?"

ನೀರು ಗೆರೆಯ ಸುತ್ತ ಸಮವಾಗಿ ನಿಂತಿತ್ತು. ಅವಳು ಅದನ್ನೇ ನೋಡಿದಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇನ್ನೂ ಸರಿಯಾಗಿಲ್ಲ... ಒಳಗೆ ಬಂದು ನೀವೇ ನೋಡಿ."

ಅವನು ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದು, ಅವಳ ಪಕ್ಕದಲ್ಲಿ ಕೂತು ಬಗ್ಗಿ ನೋಡಿದ.

"ಸರಿಯಾಗೇ ಇದೆಯಲ್ರೀ! ಸುಳ್ಳು ಹೇಳಿದ್ರಾ?"

ಅವಳು ಮೆಲ್ಲಗೆ ಅವನ ಭುಜಕ್ಕೆ ತಲೆಯಾನಿಸಿದಳು. "ಯಾರಿಗೂ ಗೊತ್ತಾಗಲ್ಲ ಬಿಡಿ."

"ನನಗೆ ಗೊತ್ತಲ್ಲ..." ಅಂದ ಅವನು.