ಹದಿನೈದಕ್ಕೇ ನಿಂತ ಮುಳ್ಳು

ಹತ್ತೊಂಬತ್ತನೇ ತಾರೀಖು, ಮಂಗಳವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಕಲ್ಲುಕ್ವಾರಿ ಸೂಪರ್‌ವೈಸರನ ಹೆಂಡತಿ ಠಾಣೆಗೆ ಬಂದಳು. ಕೈಯಲ್ಲಿ ಆಸ್ಪತ್ರೆಯ ಚೀಟಿಗಳಿದ್ದ ಪ್ಲಾಸ್ಟಿಕ್ ಚೀಲ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಬರ್ಕೊಳ್ಳಿ ಸಾರ್. ನಿನ್ನೆ ನನ್ನ ಗಂಡನ ಬಲಗಾಲು ತೆಗೆದ್ರು. ಮೊಣಕಾಲಿಂದ ಕೆಳಗೆ. ಮಾಡಿದೋನು ಕ್ವಾರಿ ಮೆಕ್ಯಾನಿಕ್."

ಇನ್‌ಸ್ಪೆಕ್ಟರ್ ಪೆನ್ನು ತೆಗೆದುಕೊಂಡರು. "ಹೇಗೆ?"

ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ ಸೂಪರ್‌ವೈಸರ್ ಬಂಡೆಯ ಸಿಡಿಮದ್ದಿಗೆ ಬತ್ತಿ ಹೊತ್ತಿಸಿ, ಎಂದಿನಂತೆ ತನ್ನ ಎಟಿವಿ ಹತ್ತಿ, ಕಲ್ಲು ಸಿಡಿಯುವಾಗ ಅಡಗುವ ಬಂಕರಿನ ಕಡೆ ಹೊರಟಿದ್ದ. ದಪ್ಪ ಟೈರಿನ, ನಾಲ್ಕು ಚಕ್ರದ ಆ ಬೈಕು ಕಲ್ಲುದಾರಿಯಲ್ಲೂ ಅರವತ್ತರಲ್ಲಿ ಹಾರುವಂಥದ್ದು. ನಿನ್ನೆ ಹಾರಲಿಲ್ಲ. ಅವನು ಬಂಕರ್ ಮುಟ್ಟುವ ಮೊದಲೇ ಬಂಡೆ ಸಿಡಿಯಿತು, ಹಾರಿ ಬಂದ ಕಲ್ಲು ಅವನ ಕಾಲು ಜಜ್ಜಿತು.

"ಎರಡು ವಾರದಿಂದ ಬಂಡೀಲಿ ಪವರ್ ಇಲ್ಲ, ಸ್ಪೀಡ್ ಬರ್ತಿಲ್ಲ ಅಂತ ಇವರು ಬರೆದು ಕೊಡ್ತಾನೇ ಇದ್ರು. ಆ ಮುದುಕ ಒರೆಸಿ ಒರೆಸಿ ವಾಪಸ್ ಕೊಡ್ತಿದ್ದ."

"ದ್ವೇಷ ಏನಾದ್ರೂ?"

"ಎಲ್ಲರ ಎದುರು ಇವರು ಬೈದಿದ್ರು. ನಿನ್ನ ಕೈಗೆ ಸ್ಪ್ಯಾನರ್ ಅಲ್ಲ, ಪೊರಕೆ ಕೊಡಬೇಕಿತ್ತು ಅಂತ." ಅವಳು ಚೀಲವನ್ನು ಮೇಜಿನ ಮೇಲೆ ಇಟ್ಟಳು. "ಅವನ ಕೈಗೆ ಬೇಡಿ ಬೀಳಬೇಕು ಸಾರ್. ಅಲ್ಲಿವರೆಗೂ ನನ್ನ ಹೊಟ್ಟೆ ಉರಿ ತಣ್ಣಗಾಗಲ್ಲ."

ಹನ್ನೊಂದು ಹತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಸದ್ಯಕ್ಕೆ ನಿರ್ಲಕ್ಷ್ಯದಿಂದ ಗಾಯ. ಆರೋಪಿ ಕ್ವಾರಿಯ ಮೆಕ್ಯಾನಿಕ್, ಅರವತ್ತೆರಡು ವರ್ಷ, ಎಲ್ಲರ ಬಾಯಲ್ಲೂ ಗ್ರೀಸ್ ಮಾವ.

ಇನ್‌ಸ್ಪೆಕ್ಟರ್ ಜೊತೆಗೆ ಹೆಡ್ ಕಾನ್‌ಸ್ಟೆಬಲನ್ನು ಕರೆದುಕೊಂಡರು. ಆಕೆ ಒಂಬತ್ತು ವರ್ಷ ಇಲಾಖೆಯ ಮೋಟಾರು ವಿಭಾಗದಲ್ಲಿ ಜೀಪುಗಳ ಕೆಳಗೆ ಮಲಗಿ ಕೆಲಸ ಮಾಡಿ ಬಂದವಳು.

ಕ್ವಾರಿಯಲ್ಲಿ ಕಲ್ಲು ಪುಡಿಮಾಡುವ ಕ್ರಷರ್ ನಿಂತಿತ್ತು. ಕೆಲಸಗಾರರು ನೆರಳಿಗೆ ಕೂತಿದ್ದರು; ಯಾರ ಮುಖದಲ್ಲೂ ಅಂಥ ದುಃಖವೇನೂ ಕಾಣಲಿಲ್ಲ. ಇಬ್ಬರನ್ನು ಪಂಚರಾಗಿ ಕರೆದು ಪಂಚನಾಮೆ ಶುರು ಮಾಡಿದರು. ಬಂಡೆಯಿಂದ ಬಂಕರಿಗೆ ನಾನೂರು ಮೀಟರ್. ರಕ್ತದ ಕಲೆ ಇದ್ದ ಜಾಗಕ್ಕೆ ಟೇಪು ಹಿಡಿದಾಗ ಇನ್ನೂರ ಎಂಬತ್ತು. ಸ್ಫೋಟದ ರಿಜಿಸ್ಟರಿನಲ್ಲಿ ಸೂಪರ್‌ವೈಸರನದೇ ಬರಹ: ಬತ್ತಿ ಉರಿಯುವ ಸಮಯ ಎಪ್ಪತ್ತೈದು ಸೆಕೆಂಡು.

"ಎಪ್ಪತ್ತೈದು ಸಾಕಾ?" ಇನ್‌ಸ್ಪೆಕ್ಟರ್ ಕೇಳಿದರು.

"ಬಂಡಿ ಇದ್ದೋರಿಗೆ ಸಾಕು," ಪಂಚರಲ್ಲಿ ಒಬ್ಬ ಹೇಳಿ, ಬೇರೆ ಕಡೆ ನೋಡಿದ.

ವರ್ಕ್‌ಶಾಪಿನ ಬಾಗಿಲಲ್ಲೇ ಗ್ರೀಸ್ ಮಾವ ನಿಂತಿದ್ದ. ಸಣಕಲು ಆಸಾಮಿ, ಉಗುರುಗಳ ಸಂದಿಯಲ್ಲಿ ಕಪ್ಪು. ಅವನ ದಾಖಲೆ ಪುಸ್ತಕವನ್ನು ಇನ್‌ಸ್ಪೆಕ್ಟರ್ ತೆರೆದರು. ನಾಲ್ಕನೇ ತಾರೀಖು: ಎಳೆತ ಕಡಿಮೆ, ನಲವತ್ತರ ಮೇಲೆ ಹೋಗುತ್ತಿಲ್ಲ. ಉತ್ತರ: ಏರ್ ಫಿಲ್ಟರ್ ಶುಚಿ ಮಾಡಿದೆ. ಹನ್ನೊಂದು: ಇಪ್ಪತ್ತೈದರ ಮೇಲೆ ಹೋಗುತ್ತಿಲ್ಲ. ಉತ್ತರ: ಪ್ಲಗ್ ಬದಲಿಸಿದೆ, ಪೆಟ್ರೋಲ್ ಫಿಲ್ಟರ್ ಹೊಸದು ಹಾಕಿದೆ. ಹದಿನೆಂಟು: ಹದಿನೈದಕ್ಕೇ ನಿಲ್ಲುತ್ತಿದೆ. ಉತ್ತರ: ಮಧ್ಯಾಹ್ನ ಬಿಚ್ಚಿ ನೋಡುತ್ತೇನೆ.

"ಮಧ್ಯಾಹ್ನದವರೆಗೂ ಯಾಕೆ ಬಿಟ್ಟೆ?"

"ನಿಲ್ಲಿಸಿ ಹೋಗಿ ಅಂದೆ ಸಾರ್. ನಾನೇನು ನಡ್ಕೊಂಡು ಬರೋನಾ ಅಂದ್ರು."

ಎಟಿವಿಯ ಹಿಂದಿನ ಮಡ್‌ಗಾರ್ಡ್ ಒಡೆದಿತ್ತು, ಸೀಟು ಹರಿದಿತ್ತು. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಅಂಗಿಯ ತೋಳು ಮಡಚಿ ಕೂತಳು. ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ಬೆಳಕಿಗೆ ಹಿಡಿದಳು, ನೀರಿಲ್ಲ, ಕಸವಿಲ್ಲ. ಏರ್ ಫಿಲ್ಟರ್ ಚೊಕ್ಕಟ. ಪ್ಲಗ್ಗಿನ ತುದಿ ಕಂದುಬಣ್ಣ, ಇರಬೇಕಾದ ಹಾಗೇ. ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದಳು. ಹೊಗೆ ಒತ್ತಿ ಬಂತು. ಜಾಕ್ ಕೊಟ್ಟು ಚಕ್ರ ತಿರುಗಿಸಿದರೆ ಸಲೀಸಾಗಿ ತಿರುಗಿತು, ಬ್ರೇಕ್ ಎಲ್ಲೂ ಹಿಡಿದಿರಲಿಲ್ಲ. ಆಕ್ಸಿಲರೇಟರಿನ ಕೇಬಲ್ ಕೊನೆಯವರೆಗೂ ಎಳೆಯುತ್ತಿತ್ತು. ಇಂಜಿನ್ನಿನ ಒಳಗಿನ ಒತ್ತಡ, ಕಂಪ್ರೆಷನ್, ಅಳೆದಳು; ಅದೂ ಸರಿಯಾಗಿತ್ತು.

"ಕುದುರೆ ಗಟ್ಟಿಯಾಗಿದೆ ಸಾರ್. ಓಡಲ್ಲ ಅಂತಿದೆ ಅಷ್ಟೇ."

ಅವಳೇ ಹತ್ತಿ ಅಂಗಳದ ಉದ್ದಕ್ಕೂ ಓಡಿಸಿ ಬಂದಳು. ಇಂಜಿನ್ ಕಿವಿಗಡಚಿಕ್ಕುವಂತೆ ಕೂಗಿತು. ಸ್ಪೀಡೋಮೀಟರಿನ ಮುಳ್ಳು ಹದಿನೈದು ಮುಟ್ಟಿ, ಗೋಡೆಗೆ ಒರಗಿದ ಹಾಗೆ ನಿಂತಿತು.

"ಇಂಜಿನ್ ದುಡೀತಿದೆ, ಚಕ್ರಕ್ಕೆ ಮುಟ್ಟುತ್ತಿಲ್ಲ. ಬೆಲ್ಟ್ ಜಾರಿದ್ರೆ ಸುಟ್ಟ ವಾಸನೆ ಬರಬೇಕು. ಅದೂ ಇಲ್ಲ. ಎಡಗಡೆ ಮುಚ್ಚಳ ಬಿಚ್ತೀನಿ."

ಒಂಬತ್ತು ಬೋಲ್ಟು. ಒಳಗೆ ಎರಡು ಬಟ್ಟಲುಗಳನ್ನು ಎದುರುಬದುರು ಇಟ್ಟಂಥ ಒಂದು ರಾಟೆ, ಅದರ ನಡುವೆ ದಪ್ಪ ಬೆಲ್ಟು. ವೇಗ ಏರಿದ ಹಾಗೆ ಬಟ್ಟಲುಗಳು ಹತ್ತಿರ ಸರಿದು ಬೆಲ್ಟನ್ನು ಅಂಚಿಗೆ ಏರಿಸಬೇಕು. ಅದು ಏರಿದಷ್ಟೂ ಬಂಡಿಗೆ ಓಟ. ಹೆಡ್ ಕಾನ್‌ಸ್ಟೆಬಲ್ ಟಾರ್ಚ್ ಬಿಟ್ಟಳು. ಬಟ್ಟಲಿನ ತಳಭಾಗ ಮಾತ್ರ ಉಜ್ಜಿ ಹೊಳೆಯುತ್ತಿತ್ತು. ಅದರ ಮೇಲಿನ ಭಾಗದಲ್ಲಿ ಕಲ್ಲಿನ ಪುಡಿ ಕೂತಿತ್ತು.

"ಬೆಲ್ಟು ಮೇಲಕ್ಕೆ ಹೋಗೇ ಇಲ್ಲ. ಒಳಗೆ ಏನೋ ಅಡ್ಡ ಇದೆ."

ನಟ್ಟು ತೆಗೆದು ಬಟ್ಟಲನ್ನು ಈಚೆಗೆ ಎಳೆದಳು. ನಡುವಿನ ಕೊಳವೆಯ ಮೇಲೆ ಉಕ್ಕಿನ ಒಂದು ಬಳೆ ಕೂತಿತ್ತು. ಬಟ್ಟಲುಗಳು ಹತ್ತಿರ ಬಾರದಂತೆ ತಡೆಯುವುದೊಂದೇ ಅದರ ಕೆಲಸ. ಕ್ಯಾಲಿಪರಿನಲ್ಲಿ ಅಳೆದಳು: ಹನ್ನೆರಡು ಮಿಲಿಮೀಟರ್ ದಪ್ಪ. ಪಂಚರ ಎದುರು ಬಳೆಯನ್ನು ಚೀಲಕ್ಕೆ ಹಾಕಿ ಸೀಲು ಮಾಡುವ ಮೊದಲು ಇನ್‌ಸ್ಪೆಕ್ಟರ್ ಅದನ್ನು ಗ್ರೀಸ್ ಮಾವನ ಮುಂದೆ ಹಿಡಿದರು.

"ಇದು ಕಂಪನಿಯಿಂದ ಬಂದಿದ್ದಾ?"

ಮಾವ ಅದನ್ನು ಮುಟ್ಟಲಿಲ್ಲ. ಅಂಚುಗಳನ್ನು ಮಾತ್ರ ನೋಡಿದ. ಎರಡೂ ಕಡೆ ಅಂಚನ್ನು ಕೈಗೆ ಚುಚ್ಚದ ಹಾಗೆ ನಯವಾಗಿ ಸವರಲಾಗಿತ್ತು. 

"ನಾನೇ ಹಾಕಿದ್ದು ಸಾರ್. ಬರ್ಕೊಳ್ಳಿ."

"ಓಹೋ. ಎಷ್ಟು ದಪ್ಪ ಇದೆ?"

"ಮೂರು... ಮೂರು ಮಿಲಿಮೀಟರ್."

ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೆಬಲ್ ಮುಖ ನೋಡಿದರು. "ಮಾವ, ಸುಳ್ಳು ಹೇಳೋಕೂ ಅಳತೆ ಗೊತ್ತಿರಬೇಕು. ಯಾರನ್ನ ಉಳಿಸ್ತಿದ್ದೀಯ?"

ಮುದುಕ ಒಂದು ಹಳೆಯ ಬಟ್ಟೆ ತೆಗೆದುಕೊಂಡು ಉಗುರಿನ ಕಪ್ಪು ಒರೆಸತೊಡಗಿದ.

ಮಧ್ಯಾಹ್ನ ಎರಡು ಗಂಟೆ. ಮೂರು ದೂರುಗಳೂ ಸೋಮವಾರವೇ ಬಂದಿವೆ ಎಂಬುದನ್ನು ಮೊದಲು ಗಮನಿಸಿದವಳು ಹೆಡ್ ಕಾನ್‌ಸ್ಟೆಬಲ್. ಭಾನುವಾರ ಕ್ವಾರಿಗೆ ರಜ. ಗೇಟಿನ ಪುಸ್ತಕ ತರಿಸಿದರು. ಮೂರು, ಹತ್ತು, ಹದಿನೇಳು: ಮೂರೂ ಭಾನುವಾರ ಒಳಗೆ ಹೋದ ಹೆಸರು ಒಂದೇ. ಕಾರಣದ ಕಾಲಮ್ಮಿನಲ್ಲಿ 'ಕ್ರಷರ್ ಬುಷ್ ಬದಲಾವಣೆ'.

"ಇವರು ಯಾರು?"

"ಲೇತ್ ಅಕ್ಕ," ಕಾವಲುಗಾರ ಹೇಳಿದ. "ಹೆದ್ದಾರಿ ಪಕ್ಕ ಅವರದ್ದೇ ಶೆಡ್ಡು. ನಮ್ಮ ಯಂತ್ರದ ಬಿಡಿಭಾಗ, ಬುಷ್ಷು, ಪುಲ್ಲಿ ಎಲ್ಲಾ ಅವರೇ ಕಡೆದು ಕೊಡೋದು. ಬಂಗಾರದಂಥ ಹೆಂಗಸು ಸಾರ್."

ಶೆಡ್ಡಿನ ಮುಂದೆ ಜೀಪು ನಿಂತಾಗ ಮೂರು ಇಪ್ಪತ್ತು. ಕಬ್ಬಿಣ ಕಡೆಯುವ ಒಂದು ಲೇತು, ಒಂದು ಡ್ರಿಲ್ಲು, ಗೋಡೆಯ ತುಂಬ ಸಾಲಾಗಿ ತೂಗುಹಾಕಿದ ಉಪಕರಣಗಳು. ನೆಲದ ಮೇಲಿನ ಉಕ್ಕಿನ ಸುರುಳಿಗಳನ್ನು ಗುಡಿಸಿ ಮೂಲೆಗೆ ಸೇರಿಸಲಾಗಿತ್ತು. ಬೆಂಚಿನ ಮೇಲಿದ್ದ ಹೊಸ ಬುಷ್ಷುಗಳ ಅಂಚೂ ಆ ಬಳೆಯ ಹಾಗೇ ನಯ. ನಲವತ್ತೈದರ ಆಸುಪಾಸಿನ ಹೆಂಗಸು. ಜಡೆಯನ್ನು ಟೊಪ್ಪಿಯೊಳಗೆ ತುರುಕಿದ್ದಳು. ಪೊಲೀಸರನ್ನು ಕಂಡು ಯಂತ್ರ ನಿಲ್ಲಿಸಿದಳು. ಉಕ್ಕನ್ನು ಕಚ್ಚಿ ಹಿಡಿದ ಚಕ್ಕು ತಿರುಗಿ ತಿರುಗಿ ನಿಂತಿತು.

ಇನ್‌ಸ್ಪೆಕ್ಟರ್ ಸೀಲು ಮಾಡಿದ ಚೀಲವನ್ನು ಬೆಂಚಿನ ಮೇಲೆ ಇಟ್ಟರು.

"ಗುರುತು ಸಿಗುತ್ತಾ?"

ಅವಳು ಬಗ್ಗಿ ನೋಡಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ದೂರದಲ್ಲಿ ಬಿದ್ದ?"

"ಇನ್ನೂರ ಎಂಬತ್ತು ಮೀಟರ್."

"ಅದೇ ಕ್ವಾರೀಲಿ ಸತ್ತ ನನ್ನ ತಮ್ಮ ಇನ್ನೂರ ತೊಂಬತ್ತು ಓಡಿದ್ದ," ಅಂದಳು. "ಕಾಲಲ್ಲಿ."

ಹೆಡ್ ಕಾನ್‌ಸ್ಟೆಬಲ್ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದಳು. ಲೇತ್ ಅಕ್ಕ ಕೈಗವಸು ಬಿಚ್ಚಿ, ಒಂದರ ಮೇಲೊಂದು ಇಟ್ಟು, ಯಾರೋ ಕೆಲಸದ ವಿವರ ಕೇಳಿದ ಹಾಗೆ ಹೇಳುತ್ತ ಹೋದಳು.

"ಒಂದೇ ಸಲಕ್ಕೆ ಹದಿನೈದಕ್ಕೆ ಇಳಿಸಿದ್ರೆ ಬಂಡಿ ಮೂಲೆಗೆ ಸೇರ್ತಿತ್ತು. ಅದಕ್ಕೇ ಮೊದಲು ತೆಳ್ಳಗಿಂದು, ಆಮೇಲೆ ಎಂಟರದ್ದು, ಕೊನೆಗೆ ಇದು. ಹಳೇ ಎರಡು ಆ ಡ್ರಾಯರಲ್ಲಿವೆ. ವಾರಕ್ಕೊಂದು. ಬೈಕೊಂಡಾದ್ರೂ ಅದನ್ನೇ ಹತ್ತುತಾನೆ ಅಂತ ಗೊತ್ತಿತ್ತು. ಬತ್ತಿ ಮಾತ್ರ ಉದ್ದ ಮಾಡಲ್ಲ ಅಂತಾನೂ ಗೊತ್ತಿತ್ತು. ಹಟ ಅವನಿಗೆ."

"ಗ್ರೀಸ್ ಮಾವನಿಗೆ ಗೊತ್ತಿತ್ತಾ?"

"ಪಾಪ, ಆ ಮನುಷ್ಯನಿಗೇನು ಗೊತ್ತು? ಭಾನುವಾರ ಅವರು ಬರೋದೇ ಇಲ್ಲ. ಅವರನ್ನ ಬಿಟ್ಟುಬಿಡಿ."

"ಅವರು ತಾವೇ ಮಾಡಿದ್ದು ಅಂತ ಬರೆಸೋಕೆ ಹೊರಟಿದ್ರು."

ಅವಳ ಮುಖ ಮೊದಲ ಸಲ ಅಲುಗಿತು. "ಅಯ್ಯೋ ಮಾವ," ಅಂದಳು ಮೆಲ್ಲಗೆ.

"ಹದಿನೈದು ಯಾಕೆ? ಹತ್ತು ಯಾಕಲ್ಲ?"

"ತಮ್ಮನಿಗೆ ಸಿಕ್ಕಿದ್ದೂ ಅದೇ ಎಪ್ಪತ್ತೈದು ಸೆಕೆಂಡು. ಇನ್ನೂರ ತೊಂಬತ್ತು ಮೀಟರನ್ನ ಅದರಿಂದ ಭಾಗಿಸಿ ನೋಡಿ ಸಾರ್. ಗಂಟೆಗೆ ಹದಿನಾಲ್ಕು ಕಿಲೋಮೀಟರ್ ಬರುತ್ತೆ. ಬೂಟು ಹಾಕ್ಕೊಂಡು, ಕಲ್ಲಿನ ಮೇಲೆ. ನಾನು ಅವನಿಗೆ ಹದಿನೈದು ಕೊಟ್ಟೆ. ಒಂದು ಜಾಸ್ತೀನೇ ಕೊಟ್ಟಿದ್ದೀನಿ."

"ಸಾಯಲಿ ಅಂತಾನಾ?"

"ಅದನ್ನ ಕಲ್ಲಿಗೆ ಬಿಟ್ಟಿದ್ದೆ. ಬಂಕರ್ ಎದುರಿಗೇ ಕಾಣ್ತಿರಬೇಕು, ತಲುಪೋಕಾಗಬಾರದು. ಅದು ಹೆಂಗಿರುತ್ತೆ ಅಂತ ಅವನಿಗೆ ಗೊತ್ತಾಗಬೇಕಿತ್ತು." ಅವಳು ಟೊಪ್ಪಿ ತೆಗೆದಳು. "ಗೊತ್ತಾಯ್ತಂತಾ?"

ಇನ್‌ಸ್ಪೆಕ್ಟರ್ ಡ್ರಾಯರು ಎಳೆದರು. ಅದರಲ್ಲಿದ್ದ ಎರಡು ಬಳೆಗಳನ್ನು ಕ್ವಾರಿಯಿಂದ ಜೊತೆಗೆ ಬಂದಿದ್ದ ಪಂಚರ ಸಮಕ್ಷಮ ವಶಕ್ಕೆ ಪಡೆದರು. ನಾಲ್ಕು ಹತ್ತಕ್ಕೆ ಬಂಧನ. ಮೊದಲಿನ ಎಫ್‌ಐಆರ್‌ಗೆ ಕೊಲೆ ಯತ್ನದ ಆರೋಪ ಸೇರಿತು, ಗ್ರೀಸ್ ಮಾವನ ಹೆಸರು ಕಳಚಿತು. ಜೀಪು ಹತ್ತುವ ಮೊದಲು ಅವಳು ಮೇನ್ ಸ್ವಿಚ್ ಆರಿಸಿ, ಲೇತಿನ ಮೇಲೆ ಎಣ್ಣೆ ಬಟ್ಟೆ ಹೊದಿಸಿ, ಶೆಡ್ಡಿನ ಬೀಗದ ಕೈಯನ್ನು ಹೆಡ್ ಕಾನ್‌ಸ್ಟೆಬಲ್ ಕೈಗೆ ಕೊಟ್ಟಳು. ಬೇಡಿ ಹಾಕುವಾಗ ಎರಡೂ ಕೈ ತಾನಾಗಿ ಮುಂದಕ್ಕೆ ನೀಡಿದಳು.

ದಾರಿಯಲ್ಲಿ ಇನ್‌ಸ್ಪೆಕ್ಟರ್ ಹಿಂತಿರುಗಿ ಕೇಳಿದರು. "ತಮ್ಮ ಸತ್ತಾಗ ಯಾಕೆ ದೂರು ಕೊಡಲಿಲ್ಲ?"

"ನಿಮ್ಮ ಠಾಣೆಗೇ ಬಂದಿದ್ದೆ," ಅಂದಳು. "ನೀವೇ ಇದ್ರಿ."

ಐದೂವರೆಗೆ ಅವರು ಹಳೆಯ ಕಡತ ತರಿಸಿದರು. ಹದಿನಾಲ್ಕು ತಿಂಗಳ ಹಿಂದಿನ ಅಸಹಜ ಸಾವು. ಬತ್ತಿ ಹೊತ್ತಿಸುವ ಸಹಾಯಕ, ಇಪ್ಪತ್ತೊಂಬತ್ತು ವರ್ಷ. ನಕ್ಷೆಯಲ್ಲಿ ಬಂಡೆಯಿಂದ ಶವದವರೆಗೆ ಗೆರೆ, ಗೆರೆಯ ಮೇಲೆ ಅಂಕಿ: ಇನ್ನೂರ ತೊಂಬತ್ತು. ಅವತ್ತು ಎಟಿವಿಯಲ್ಲಿ ಸೂಪರ್‌ವೈಸರ್ ಒಬ್ಬನೇ ಮುಂದೆ ಹೋಗಿದ್ದ. ಹಿಂದೆ ಕೂರಲು ಜಾಗವಿತ್ತು. ಕೂರಿಸಿಕೊಂಡಿರಲಿಲ್ಲ. ಕೊನೆಯ ಹಾಳೆಯಲ್ಲಿ 'ಆಕಸ್ಮಿಕ' ಎಂಬ ಷರಾ, ಅದರ ಕೆಳಗೆ ಇನ್‌ಸ್ಪೆಕ್ಟರರ ಸಹಿ. ಆ ಬತ್ತಿ ಎಷ್ಟು ಉದ್ದವಿರಬೇಕಿತ್ತು ಎಂಬುದನ್ನು ಅವರು ಅವತ್ತು ಯಾರನ್ನೂ ಕೇಳಿರಲಿಲ್ಲ.

ಆರೂವರೆಗೆ ಆಸ್ಪತ್ರೆಗೆ ಹೋದರು. ಸೂಪರ್‌ವೈಸರ್ ದಿಂಬಿಗೆ ಒರಗಿದ್ದ. ಪಕ್ಕದ ಸ್ಟೂಲಿನ ಮೇಲೆ ಹೆಂಡತಿ.

"ಸಿಕ್ಕಿದ್ನಾ ಸಾರ್ ಆ ಮುದುಕ?"

"ಮುದುಕ ಅಲ್ಲಮ್ಮ. ಮಾಡಿದೋರು ಸಿಕ್ಕಿದ್ದಾರೆ." ಅವರು ಸೂಪರ್‌ವೈಸರನ ಕಡೆ ತಿರುಗಿದರು. "ನಡೆದು ಬಂಕರ್ ಸೇರೋಷ್ಟು ಉದ್ದ ಬತ್ತಿ ಇಡಬೇಕು ಅಂತ ನಿಯಮ ಇದೆ. ನೀವು ಎಪ್ಪತ್ತೈದು ಸೆಕೆಂಡಿನದ್ದು ಕತ್ತರಿಸ್ತಿದ್ರಿ. ಯಾಕೆ?"

"ದಿನಕ್ಕೆ ಒಂದು ಸ್ಫೋಟ ಜಾಸ್ತಿ ಆಗುತ್ತೆ ಸಾರ್. ನಮ್ಮಲ್ಲಿ ಬಂಡಿ ಇತ್ತಲ್ಲ."

"ಹದಿನಾಲ್ಕು ತಿಂಗಳ ಹಿಂದೆ ಆ ಹುಡುಗನ ಹತ್ತಿರ ಬಂಡಿ ಇತ್ತಾ?"

ಹೆಂಡತಿ ಗಂಡನ ಮುಖ ನೋಡಿದಳು. ಅವನು ಹೊದಿಕೆ ಚಪ್ಪಟೆಯಾಗಿ ಬಿದ್ದಿದ್ದ ಜಾಗವನ್ನೇ ನೋಡುತ್ತಿದ್ದ. ಅವಳು ಸ್ಟೂಲನ್ನು ತುಸು ಹಿಂದಕ್ಕೆ ಸರಿಸಿಕೊಂಡಳು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಇನ್‌ಸ್ಪೆಕ್ಟರ್ ಹಳೆಯ ಪ್ರಕರಣದ ಮರುತನಿಖೆಗೆ ಮೇಲಧಿಕಾರಿಗಳಿಗೆ ಪತ್ರ ಬರೆದರು. ಮೊದಲ ತನಿಖೆಯಲ್ಲಿ ಲೋಪವಾಗಿದೆ, ಲೋಪ ತಮ್ಮದು ಎಂದೂ ಸೇರಿಸಿದರು. ಆಮೇಲೆ ಲೇತ್ ಅಕ್ಕನ ಹೇಳಿಕೆಯನ್ನು ಲಿಖಿತದಲ್ಲಿ ಪಡೆದರು. ಅವಳು ಸಲ್ಲದ ಒಂದು ಮಾತೂ ಆಡಲಿಲ್ಲ. ದಿನಾಂಕ, ಅಳತೆ, ಸಮಯ ಎಲ್ಲ ಕರಾರುವಾಕ್ಕು. ಕಾರಣವನ್ನು ಕೊನೆಗೆ ಹೇಳಿದಳು.

ತಮ್ಮ ಸತ್ತ ಮೂರನೇ ದಿನ ಹತ್ತಿರದ ಸಂಬಂಧಿಯೆಂದು ಅವಳನ್ನು ಠಾಣೆಗೆ ಕರೆಸಿ, ಸೂಪರ್‌ವೈಸರನ ಹೇಳಿಕೆಯನ್ನು ಓದಿ ಹೇಳಿದ್ದರು. ಅದರ ಕೊನೆಯ ಸಾಲು: "ಇನ್ನೂ ಸ್ವಲ್ಪ ಜೋರಾಗಿ ಓಡಿದ್ದರೆ ಬದುಕುತ್ತಿದ್ದ." ಓದಿದವರು, ಕೇಳಿಸಿಕೊಂಡಿದ್ದಕ್ಕೆ ಸಹಿ ಮಾಡಿ ಎಂದು ಪೆನ್ನು ಕೊಟ್ಟಿದ್ದರು. ಅವಳು ಸಹಿ ಮಾಡಿದ್ದಳು. ಅಂದು ಪೆನ್ನು ಕೊಟ್ಟವರು ಯಾರು ಎಂದು ಹೆಡ್ ಕಾನ್‌ಸ್ಟೆಬಲ್ ಕೇಳಲಿಲ್ಲ. 'ಪೆನ್ನು ಕೊಟ್ಟವನು ನಾನು' ಎಂಬ ಸಾಲನ್ನು ಇನ್‌ಸ್ಪೆಕ್ಟರ್ ತಾವೇ ಹೇಳಿ ಬರೆಸಿದರು.