ಅಕ್ಕ ಓದದೆ ಬಿಟ್ಟ ಸಾಲು

"ಬೆಳಿಗ್ಗೆ ಗೇಟು ತೆರೆದ ಕೂಡಲೇ ಎಲ್ಲರೂ ಓಡುತ್ತಾರೆ. ನೀವು ಓಡಬೇಡಿ. ಮೊದಲು ಒಂದು ಮರದ ನೆರಳು ಹುಡುಕಿ. ಅಲ್ಲಿ..."

ವೃಂದಾ ಓದುವುದನ್ನು ನಿಲ್ಲಿಸಿದಳು.

"ಅಲ್ಲಿ ಏನು?" ತಮ್ಮ ಕೌಶಿಕ ಕೇಳಿದ. ಅವನು ಅಕ್ಕನ ತೋಳಿಗೆ ಗದ್ದ ಊರಿ, ಪುಸ್ತಕದೊಳಗೆ ಇಣುಕುತ್ತ ಕೂತಿದ್ದ.

"ಅಲ್ಲಿ ಚೀಲ ಇಳಿಸಿ ನೀರು ಕುಡಿಯಿರಿ," ಎಂದು ವೃಂದಾ ಗಡಬಡಿಸಿ ಓದಿದಳು.

ಪುಸ್ತಕದಲ್ಲಿ ಹಾಗಿರಲಿಲ್ಲ. 'ಅಲ್ಲಿ ಅಮ್ಮ ಚಾಪೆ ಹಾಸಲಿ, ಮಕ್ಕಳಿಗೆಲ್ಲ ನೀರು ಕುಡಿಸಲಿ' ಎಂದಿತ್ತು. ವೃಂದಾ ಅಮ್ಮನನ್ನು ಬಿಟ್ಟು, ಚಾಪೆಯನ್ನೂ ಬಿಟ್ಟು, ಬರೀ ನೀರನ್ನಷ್ಟೇ ಓದಿದ್ದಳು.

"ಮುಂದ?"

"ಮುಂದಿಂದು ನಾಳೆ. ಹೋಗು, ಕೈಕಾಲು ತೊಳಕೋ. ಅಜ್ಜಿ ದೀಪ ಹಚ್ಚೂ ಹೊತ್ತಾತು."

ಕೌಶಿಕ ಕೂಡಲೇ ಏಳಲಿಲ್ಲ. ಪುಸ್ತಕದ ಹಾಳೆಯನ್ನು ನೋಡಿದ. ಅಕ್ಕನ ಮುಖವನ್ನು ನೋಡಿದ. ಆಮೇಲೆ ಎದ್ದು ಬಚ್ಚಲಿಗೆ ಹೋದ.

ಅಣ್ಣಿಗೇರಿಯ ಗುಡಿ ಓಣಿಯಲ್ಲಿ ಇವರ ಮನೆ. ಅಪ್ಪ ವೆಂಕಣ್ಣ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ಅಜ್ಜಿ ಮುಕ್ತಾಬಾಯಿ. ವೃಂದಾ ಐದನೆಯ ಇಯತ್ತೆ, ಕೌಶಿಕ ಈಗಿನ್ನೂ ಒಂದನೆಯ ಇಯತ್ತೆ. ಅವ್ವ ಅನ್ನಪೂರ್ಣಾ ಹೋದ ವರ್ಷ ಶ್ರಾವಣದಲ್ಲಿ ಜ್ವರ ಬಂದು ಹುಬ್ಬಳ್ಳಿಯ ಆಸ್ಪತ್ರೆಗೆ ಹೋದವಳು ಮನೆಗೆ ಮರಳಲಿಲ್ಲ.

ಆ ಒಂದು ವರ್ಷ ಮನೆಯಲ್ಲಿ ಹಬ್ಬ ಇರಲಿಲ್ಲ. ದೀಪಾವಳಿಗೆ ಆಕಾಶಬುಟ್ಟಿ ಕಟ್ಟಲಿಲ್ಲ. ಸಂಕ್ರಾಂತಿಗೆ ಕುಸುರೆಳ್ಳು ಮಾಡಲಿಲ್ಲ. ಯಾರ ಮನೆಯ ಮುಂಜಿವೆಗೂ ಲಗ್ನಕ್ಕೂ ಹೋಗಲಿಲ್ಲ. ಹೀಗೆ ದಿನಗಳು ಸರಿದು, ಮೊನ್ನೆ ಮೊನ್ನೆ ಅವ್ವನ ವರ್ಷಾಂತಿಕದ ಶ್ರಾದ್ಧವೂ ಮುಗಿಯಿತು. ಊಟಕ್ಕೆ ಬಂದ ಆಚಾರ್ಯರು ತಾಂಬೂಲ ತೆಗೆದುಕೊಂಡು ಹೋದ ಮೇಲೆ ಅಜ್ಜಿ ಮಗನನ್ನು ಕರೆದು ಕೂರಿಸಿಕೊಂಡಳು.

"ವೆಂಕಣ್ಣಾ, ವರ್ಷ ಮುಗೀತು. ಈ ಹುಡುಗರು ನಕ್ಕದ್ದು ನಾ ನೋಡಿಲ್ಲ. ದಸರಾ ಸೂಟಿಗೆ ಎಲ್ಲೆರೆ ಕರಕೊಂಡು ಹೋಗು."

"ಎಲ್ಲಿಗೆ ಹೋಗೂಣವಾ?"

ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ಕೌಶಿಕ ಅಂದ, "ಪಾರ್ಕಿಗೆ. ಬೆಂಗಳೂರು ಬಾಜೂಕ ಅದ ನೋಡು, ನೀರು ಜಾರಬಂಡಿ ಇದ್ದದ್ದು, ದೊಡ್ಡ ಚಕ್ರ ಇದ್ದದ್ದು. ಅದಕ್ಕ."

"ನಾ ಮಂತ್ರಾಲಯ ಅಂತ ಅನ್ನಾಂವಿದ್ದೆ," ಎಂದಳು ಅಜ್ಜಿ ಬಾಯಿತಪ್ಪಿ. "ಇರಲಿ, ರಾಯರು ಎಲ್ಲಿ ಓಡಿ ಹೋಗತಾರ. ಚಕ್ರದಾಗ ಕೂತು ಅಲ್ಲಿಂದನ ಕೈ ಮುಗೀತೀನಿ."

"ಅನ್ನಾಂವಲ್ಲ ಅಜ್ಜಿ, ಅನ್ನಾಕಿ," ಎಂದ ಕೌಶಿಕ. ಅಜ್ಜಿ ಅವನ ಕಿವಿ ಹಿಂಡಿದಳು. ಬಹಳ ದಿನದ ಮೇಲೆ ಆ ಮನೆಯಲ್ಲಿ ಯಾರೋ ನಕ್ಕಂತಾಯಿತು.

ಆದರೆ ಹೋಗುವುದು ಹೇಗೆ? ಅದೇ ಅಪ್ಪನಿಗೆ ತಿಳಿಯಲಿಲ್ಲ. ಮೊದಲೆಲ್ಲ ಊರಿಗೆ ಹೊರಟರೆ ಅಪ್ಪ ಚಪ್ಪಲಿ ಮೆಟ್ಟಿ ನಿಂತರೆ ಸಾಕಿತ್ತು. ಯಾವ ಡಬ್ಬಿಯಲ್ಲಿ ಚಪಾತಿ, ಯಾವ ಚೀಲದಲ್ಲಿ ಟಾವೆಲ್ಲು, ಯಾವ ಹೊತ್ತಿಗೆ ಸ್ಟೇಶನ್ನು, ಎಲ್ಲಾ ಅವ್ವನ ತಲೆಯಲ್ಲಿರುತ್ತಿತ್ತು. ಬೋರ್ಡಿನ ಮೇಲೆ ಎಂಥ ಲೆಕ್ಕವನ್ನಾದರೂ ಬಿಡಿಸುವ ಅಪ್ಪ, ನಾಲ್ಕು ಜನರ ಒಂದು ಪ್ರವಾಸಕ್ಕೆ ಕೈಚೆಲ್ಲಿ ಕೂತ. ಅವರಿವರನ್ನು ಕೇಳಿ ಮೂರು ಗೈಡು ತಂದ.

ಒಂದು, ಮೊಬೈಲಿನಲ್ಲಿ ನೋಡುವ ವಿಡಿಯೋ. ಇನ್ನೊಂದು, ಹುಬ್ಬಳ್ಳಿಯ ಟ್ರಾವೆಲ್ಸಿನವರು ಕೊಟ್ಟ ಹೊಳೆಯುವ ಬುಕ್‌ಲೆಟ್ಟು. ಮೂರನೆಯದು, ಅಪ್ಪನ ಜೊತೆಯ ಮಾಸ್ತರು ಅಬ್ದುಲಮಜೀದ ಸರ್ ಮನೆಯಿಂದ ಬಂದ ತೆಳ್ಳನೆಯ ಪುಸ್ತಕ. ಯಾರೋ ಒಬ್ಬ ತಾಯಿ ತನ್ನ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದು ಬರೆದದ್ದು.

"ಮೂರೂ ನೋಡು ವೃಂದಾ. ಗಡಿಬಿಡಿ ಇಲ್ಲದ, ಆರಾಮ ಹೋಗಿ ಬರೂವಂಥಾದ್ದು ಯಾವುದದ, ನೀನ ಆರಿಸು. ರವಿವಾರ ರೈಲಿನ ಟಿಕೆಟ್ ತಗಸೂಣು," ಎಂದಿದ್ದ ಅಪ್ಪ.

ವೃಂದಾ ಹೂಂ ಅಂದಳು. ಆದರೆ ಅವಳು ಆರಿಸಲು ಕೂತದ್ದು ಬೇರೆಯದನ್ನೇ. ಮೂರರಲ್ಲಿ ಯಾವುದರಲ್ಲಿ ಅಮ್ಮ ಇಲ್ಲವೋ, ಆ ಗೈಡು ಅವಳಿಗೆ ಬೇಕಾಗಿತ್ತು.

ಅದಕ್ಕೊಂದು ಕಾರಣವಿತ್ತು. ಅವ್ವ ಹೋದ ಹೊಸದರಲ್ಲಿ ಮನೆಯಲ್ಲಿ ಯಾರಾದರೂ 'ಅವ್ವ' ಎಂದರೆ ಸಾಕು, ಕೌಶಿಕ ಎದ್ದು ತಲಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಹೊಸ್ತಿಲ ಮೇಲೆ ನಿಂತು ಓಣಿಯ ತುದಿಯನ್ನು ನೋಡುತ್ತಿದ್ದ. ಕರೆದರೂ ಬರುತ್ತಿರಲಿಲ್ಲ, ಊಟಕ್ಕೂ ಬರುತ್ತಿರಲಿಲ್ಲ. ಅವನನ್ನು ಎತ್ತಿಕೊಂಡು ಬಂದು ಮಲಗಿಸುವ ಕೆಲಸ ವೃಂದಾಳದು. ಹೀಗಾಗಿ ಯಾರೂ ಯಾರಿಗೂ ಹೇಳದೆ, ಆ ಮಾತೇ ಮನೆಯಿಂದ ಎದ್ದು ಹೋಯಿತು. ಅಪ್ಪ ಅನ್ನಲಿಲ್ಲ. ಅಜ್ಜಿ ಅನ್ನಲಿಲ್ಲ. ದೇವರ ಮುಂದೆ ಕೂತಾಗ ಮಾತ್ರ ಅಜ್ಜಿಯ ತುಟಿ ಏನೋ ಅನ್ನುತ್ತಿತ್ತು, ಕೇಳಿಸುತ್ತಿರಲಿಲ್ಲ.

ವಿಡಿಯೋದಲ್ಲಿ ಟೋಪಿ ಹಾಕಿಕೊಂಡ ಒಬ್ಬ ಹುಡುಗ ಓಡುತ್ತಲೇ ಮಾತಾಡುತ್ತಿದ್ದ. "ಫ್ರೆಂಡ್ಸ್, ಒಂದೇ ದಿನದಲ್ಲಿ ಎಲ್ಲಾ ರೈಡ್ ಕವರ್ ಮಾಡೋಣ. ಮಮ್ಮಿಗಳೇ, ನೀವು ಬ್ಯಾಗ್ ಹಿಡ್ಕೊಂಡು ಕೂತ್ಬಿಡಿ."

ವೃಂದಾ ಫಟ್ಟನೆ ಮೊಬೈಲು ಮಗುಚಿದಳು.

"ಯಾಕ ಬಂದ್ ಮಾಡಿದಿ?" ಕೌಶಿಕ ಕೇಳಿದ.

"ಅವ ಭಾಳ ಓಡತಾನ. ನೋಡಿದ್ರನ ದಮ್ಮು ಹತ್ತತದ."

ಬುಕ್‌ಲೆಟ್ಟಿನ ಒಳಗೆ ಬರೀ ರೈಡುಗಳ ಫೋಟೋ ಮತ್ತು ಸಮಯದ ಪಟ್ಟಿ ಇದ್ದವು. ಹೊದಿಕೆಯ ಮೇಲೆ ಮಾತ್ರ ಅಪ್ಪ, ಅಮ್ಮ, ಇಬ್ಬರು ಮಕ್ಕಳು ನಗುತ್ತ ನಿಂತಿದ್ದರು. ವೃಂದಾ ನೋಟ್‌ಬುಕ್ಕಿಗೆ ಅಂಟಿಸುವ ಒಂದು ಲೇಬಲ್ ತಂದು, ಅದರ ಮೇಲೆ 'ಕೌಶಿಕ ವೆಂಕಣ್ಣ, ೧ನೇ ಇಯತ್ತೆ' ಎಂದು ದುಂಡಗೆ ಬರೆದು, ಸರಿಯಾಗಿ ಆ ಅಮ್ಮನ ಮೇಲೆ ಅಂಟಿಸಿದಳು.

ಉಳಿದದ್ದು ಸಂಜೆ ಸಂಜೆ ತಮ್ಮನಿಗೆ ಓದಿ ಹೇಳುತ್ತಿದ್ದ ತೆಳ್ಳನೆಯ ಪುಸ್ತಕ. ನಿಜ ಹೇಳಬೇಕೆಂದರೆ ಮೂರರಲ್ಲಿ ಅದೇ ಚೆನ್ನಾಗಿತ್ತು. ಎಲ್ಲವನ್ನೂ ನೋಡಲೇಬೇಕೆಂದಿಲ್ಲ, ಒಂದು ರೈಡು ಆಡಿ ಒಂದು ಗಳಿಗೆ ಕೂರಿ, ಮುದುಕರ ಕಾಲಿಗೆ ತಕ್ಕಂತೆ ನಡೆಯಿರಿ ಎಂದು ಆ ತಾಯಿ ಬರೆದಿದ್ದಳು. ಓದುತ್ತಿದ್ದರೆ ಯಾರೋ ತಲೆ ನೇವರಿಸಿದಂತಾಗುತ್ತಿತ್ತು. ಆದರೆ ಪ್ರತಿ ಹಾಳೆಯಲ್ಲೂ ಅಮ್ಮ ಇದ್ದಳು.

ಮರುದಿನ ಸಾಲೆಯಲ್ಲಿ, ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ ಕೂತಾಗ ವೃಂದಾ ಆ ಪುಸ್ತಕವನ್ನು ನಿಲೋಫರ್‌ಳ ಮುಂದೆ ಇಟ್ಟಳು. ನಿಲೋಫರ್ ಅಬ್ದುಲಮಜೀದ ಸರ್ ಮಗಳು.

"ತಗೋ, ನಿಮ್ಮ ಪುಸ್ತಕ."

"ಯಾಕಬೇ? ಚಲೋ ಇಲ್ಲೇನು? ನಾವು ಹೋದ ವರ್ಷ ಅದನ್ನ ಹಿಡಕೊಂಡ ಹೋಗಿದ್ವಿ. ನಮ್ಮ ದಾದಿನೂ ನಿಮ್ಮ ಅಜ್ಜಿಯಂಗ ಮುದುಕಿ, ಆಕಿ ಸುದ್ದಾ ಕಾಲು ನೋವು ಅನ್ನಲಿಲ್ಲ, ಅಗದಿ ಆರಾಮ ಬಂದ್ಲು."

"ಚಲೋನ ಅದ." ವೃಂದಾ ಚಪಾತಿಯ ಅಂಚು ಹರಿಯುತ್ತ ಕೂತಳು. "ಆದ್ರ ಹಾಳಿಗೊಮ್ಮೆ ಅಮ್ಮ ಅಮ್ಮ ಅಂತದ. ಕೌಶಿಕ ಕೇಳಿದ್ರ ಮತ್ತ ಬಾಗಿಲಿಗೆ ಹೋಗತಾನ."

ನಿಲೋಫರ್ ಬಾಯಲ್ಲಿದ್ದ ತುತ್ತು ನುಂಗಿದಳು. ಆಮೇಲೆ ತನ್ನ ಕಂಪಾಸ್ ಡಬ್ಬಿಯಿಂದ ಪೆನ್ಸಿಲ್ ತೆಗೆದು ಕೊಟ್ಟಳು.

"ಎಲ್ಲೆಲ್ಲಿ ಐತಿ ಅಲ್ಲೆಲ್ಲಾ ಗೀಚಿಬಿಡು. ನಾ ಅಮ್ಮೀಗೆ ಹೇಳೂದಿಲ್ಲ."

ವೃಂದಾ ಮೊದಲ ಹಾಳೆ ತೆರೆದಳು. ಆ ಎರಡಕ್ಷರದ ಮೇಲೆ ಪೆನ್ಸಿಲಿನ ಮೊನೆ ಇಟ್ಟಳು. ಕೈ ಮುಂದೆ ಹೋಗಲಿಲ್ಲ. ಗಂಟೆ ಬಾರಿಸುವ ತನಕ ಹಾಗೇ ಕೂತಿದ್ದು, ಪೆನ್ಸಿಲನ್ನು ಮರಳಿ ಕೊಟ್ಟಳು.

"ಆಗೂದಿಲ್ಲ ಬೇ."

"ಬಿಡು ಹಂಗಾರ," ಎಂದಳು ನಿಲೋಫರ್. ಪುಸ್ತಕವನ್ನು ಗೆಳತಿಯ ಚೀಲಕ್ಕೆ ತಾನೇ ಹಾಕಿದಳು. "ಇರಲಿ ನಿನ್ನ ಹತ್ರ. ಅವಸರ ಇಲ್ಲ."

ಶನಿವಾರ ಸಂಜೆ ಅಜ್ಜಿ ದೇವರಿಗೆ ದೀಪ ಹಚ್ಚಿ, ತುಳಸಿಗೂ ಒಂದು ಹಚ್ಚಿ ಬಂದಳು. ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ಅಪ್ಪ ಕೇಳಿದ, "ಏನಾತು? ಯಾವುದು ಆರಿಸಿದಿ?"

ವೃಂದಾ ಬುಕ್‌ಲೆಟ್ಟನ್ನು ಮುಂದೆ ಚಾಚಿದಳು. "ಇದು."

ಅಪ್ಪ ಹೊದಿಕೆಯ ಮೇಲಿನ ಲೇಬಲ್ ನೋಡಿದ. ಅದು ಯಾಕೆ ಅಲ್ಲಿದೆ ಎಂದು ಕೇಳಲಿಲ್ಲ. ಹಾಳೆ ತಿರುವಿದ. "ಇದರಾಗ ಮುಂಜಾನಿಂದ ಸಂಜೀತನಾ ಪುರಸೊತ್ತ ಇಲ್ಲಲ್ಲ. ಅಜ್ಜಿಗೆ ಇಷ್ಟು ನಡೀಲಿಕ್ಕೆ ಆಗತದೇನು?"

"ಇದ ಇರಲಿ ಅಪ್ಪಾ."

"ನಾ ಬರೂದಿಲ್ಲ," ಎಂದ ಕೌಶಿಕ.

ಎಲ್ಲರೂ ಅವನ ಕಡೆ ನೋಡಿದರು.

"ಪಾರ್ಕ್ ಬೇಕು ಅಂದಾಂವನ ನೀನು," ಎಂದಳು ಅಜ್ಜಿ.

"ಸಣ್ಣ ಪುಸ್ತಕ ಹೇಳಿದಂಗ ಹೋಗೂದಾದ್ರ ಬರತೀನಿ. ಇದು ಬ್ಯಾಡ. ಇದರಾಗ ಅವ್ವ ಇಲ್ಲ. ಅದರಾಗ ಇದ್ದಾಳ."

ವೃಂದಾಳ ಕಣ್ಣು ತಲಬಾಗಿಲಿನತ್ತ ಹೋಯಿತು. ಆದರೆ ಕೌಶಿಕ ಬಾಗಿಲಿನ ಕಡೆ ನೋಡಲಿಲ್ಲ. ಎದ್ದು ಹೋಗಿ ಅಕ್ಕನ ಚೀಲದಿಂದ ತೆಳ್ಳನೆಯ ಪುಸ್ತಕ ತಂದ. ನೆಲದ ಮೇಲೆ ಬಿಚ್ಚಿಟ್ಟು ಬೆರಳು ಊರಿದ.

"ಅ. ಮ್ಮ," ಎಂದು ಓದಿದ. ಇನ್ನೊಂದು ಹಾಳೆ ತಿರುವಿದ. "ಇಲ್ಲೂ ಅಮ್ಮ. ಅಮ್ಮ ಅಂದ್ರ ಅವ್ವನ ಅಂತ ಸಾಲಿ ಬಾಯಾರು ಹೇಳ್ಯಾರ. ನನಗ ಉಳಿದದ್ದು ಓದಲಿಕ್ಕೆ ಬರೂದಿಲ್ಲ. ಇದೊಂದು ಬರತದ."

ಅವನು ಅಕ್ಕನ ಕಡೆ ತಿರುಗಿದ.

"ನೀ ಓದೂ ಮುಂದ ಇದು ಬಂದ ಕೂಡ್ಲೆ ನಿನ್ನ ದನಿ ನಿಲ್ಲತಿತ್ತು, ಅಕ್ಕಾ," ಎಂದ ಅವನು. "ನಾ ಇಣಕಿ ನೋಡಿದ್ರ ಅಲ್ಲೆ ಅಮ್ಮ ಇರತಿತ್ತು. ನೀ ಓದತಿದ್ದಿಲ್ಲ."

"ಮತ್ತ ಯಾಕ ಕೇಳಲಿಲ್ಲೋ ನನ್ನ?"

"ಕೇಳಿದ್ರ ನೀ ಅಳತೀ ಅಂತ."

ಇಷ್ಟು ದಿನ ವೃಂದಾ ತಾನು ಇವನನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಗದ್ದ ತೋಳಿಗೂರಿ ಕೂತ ಈ ಸಣ್ಣ ಹುಡುಗ ಅಷ್ಟೂ ದಿನ ತನ್ನನ್ನು ಕಾಯುತ್ತಿದ್ದ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಅಜ್ಜಿ, ಮುಖ ತಿರುವಿ ದೀಪದ ಕುಡಿ ಸರಿಮಾಡುವ ನೆವ ಮಾಡಿದಳು.

ಅಪ್ಪ ಪುಸ್ತಕ ಕೈಗೆತ್ತಿಕೊಂಡ. ಕನ್ನಡಕ ಹಾಕಿಕೊಂಡ. "ನಾ ಓದತೀನಿ. ಕೂಡ್ರಿ," ಎಂದ.

ಮೊದಲಿನಿಂದ ಓದಿದ. ಒಂದನ್ನೂ ಬಿಡಲಿಲ್ಲ. ಅಮ್ಮ ಚಾಪೆ ಹಾಸಿದಳು. ಅಮ್ಮ ಮಕ್ಕಳ ಒದ್ದೆ ತಲೆ ಒರೆಸಿದಳು. ದೊಡ್ಡ ಚಕ್ರ ಮೇಲೆ ಹೋದಾಗ ಕಣ್ಣು ಮುಚ್ಚಿಕೊಂಡ ಅಮ್ಮನನ್ನು ನೋಡಿ ಮಕ್ಕಳು ನಕ್ಕರು. ಪ್ರತಿ ಸಲ ಆ ಶಬ್ದ ಬಂದಾಗ ಅಪ್ಪನ ದನಿ ಒಂದು ಚೂರು ತಡೆಯುತ್ತಿತ್ತು. ಕೌಶಿಕ ಕಾಯುತ್ತಿದ್ದ. ಅಪ್ಪ ಅದನ್ನು ಹೇಳಿಯೇ ಮುಂದೆ ಹೋಗುತ್ತಿದ್ದ.

ಕೊನೆಯ ಹಾಳೆ ಬಂತು.

"ಸಂಜೆ ಗೇಟಿನಿಂದ ಹೊರಗೆ ಬರುವ ಮುಂಚೆ ಅಮ್ಮ ಎಲ್ಲರನ್ನೂ ಒಮ್ಮೆ ಎಣಿಸಲಿ. ಯಾರೂ ಹಿಂದೆ ಉಳಿದಿಲ್ಲ ಎಂದು ನೋಡಿಕೊಂಡೇ..."

ಅಪ್ಪನಿಗೆ ಅದನ್ನು ಮುಗಿಸಲು ಆಗಲಿಲ್ಲ. ಕನ್ನಡಕ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಅನ್ನಪೂರ್ಣಾನೂ ಹಿಂಗ ಮಾಡತಿದ್ಲು," ಎಂದ. ವರ್ಷದಲ್ಲಿ ಮೊದಲ ಸಲ ಆ ಹೆಸರು ಅವನ ಬಾಯಿಂದ ಬಂತು. "ಗದಗ ಸ್ಟೇಶನ್ನಿನಾಗ ಮಂದಿ ಮುಂದ ನನ್ನನ್ನೂ ಕೂಡೇ ಎಣಸತಿದ್ಲು. ನನಗ ನಾಚಿಕಿ ಬರತಿತ್ತು."

"ನನ್ನ ಎರಡು ಸಲ ಎಣಸಾಕಿ," ಎಂದಳು ಅಜ್ಜಿ. "ಅತ್ಯಾ, ನೀವು ಎಲ್ಲೆರೆ ಬಳಿ ಅಂಗಡಿ ಮುಂದ ನಿಂತಬಿಡತೀರಿ ಅಂತಿದ್ಲು. ನಿಂತಬಿಡತಿದ್ದೆ ಮತ್ತ ನಾನೂ."

ಅಜ್ಜಿ ನಕ್ಕಳು. ನಗುತ್ತಲೇ ಅವಳ ಮುಖ ಒದ್ದೆಯಾಯಿತು.

"ಈಗ ಯಾರು ಎಣಸೂದು?" ಕೌಶಿಕ ಕೇಳಿದ.

ಅಪ್ಪ ಅಜ್ಜಿಯನ್ನು ನೋಡಿದ. ಅಜ್ಜಿ ನೆಲ ನೋಡಿದಳು.

"ಅಕ್ಕಾ, ನೀ ಎಣಸು. ಈಗ ಎಣಸಿ ತೋರಸು, ಬರತದೋ ಇಲ್ಲೋ ನೋಡೂಣು."

ವೃಂದಾ ಬಲಗೈ ಮುಂದೆ ಹಿಡಿದಳು. ಅಪ್ಪ ಎಂದು ಹೆಬ್ಬೆರಳು ಮಡಿಚಿದಳು. ಅಜ್ಜಿ. ಕೌಶಿಕ. ತಾನು. ಎಲ್ಲರೂ ಮುಗಿದರು.

ಕಿರುಬೆರಳು ಉಳಿಯಿತು.

ಅವಳು ಅದನ್ನು ನೋಡುತ್ತ ಕೂತಳು. ಇನ್ನು ಮೇಲೆ ಎಲ್ಲಿಗೆ ಹೋದರೂ, ಯಾವ ಗೇಟಿನ ಮುಂದೆ ನಿಂತು ಎಣಿಸಿದರೂ, ಈ ಒಂದು ಬೆರಳು ಹೀಗೇ ಉಳಿಯುತ್ತದೆ. ಅದನ್ನು ಮಡಿಚಲು ಅವಳಿಗೆ ಮನಸ್ಸಾಗಲಿಲ್ಲ. ಮಡಿಚು ಎಂದು ಯಾರೂ ಅನ್ನಲೂ ಇಲ್ಲ.

ಕೌಶಿಕ ಮೆಲ್ಲಗೆ ಸರಿದು ಬಂದು ಆ ಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡ. ರಾತ್ರಿ ಊಟಕ್ಕೆ ಅಜ್ಜಿ ಕರೆಯುವ ತನಕ ಬಿಡಲಿಲ್ಲ.