ಸರೋವರದ ದಂಡೆಗೆ ಆರನೆಯವರು

ಅವಳ ಮನೆಯಲ್ಲಿ ಒಬ್ಬರು ಕಡಿಮೆ ಇದ್ದರು.

ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಅವಳು. ಐದೇ ಜನ. ಬೆಟ್ಟದ ಮೇಲಿನ ಸರೋವರದ ಕ್ಯಾಂಪಿನವರು ನೀರಿನ ದಂಡೆಯ ಜಾಗ ಕೊಡುವುದು ಆರು ಜನರ ಕುಟುಂಬಕ್ಕೆ. ಐದು ಜನರಿಗೆ ಸಿಗುವುದು ಹಿಂದಿನ ಸಾಲು, ಶೌಚಾಲಯದ ಪಕ್ಕ.

“ಅಷ್ಟು ದೂರ ಹತ್ತಿ ಹೋಗಿ ಟಾಯ್ಲೆಟ್ ನೋಡ್ಕೊಂಡು ಕೂರೋದಾ?” ಎಂದ ಅಪ್ಪ. “ಅದು ಮನೆಯಲ್ಲೇ ಇದೆಯಲ್ಲ.”

“ನಿಮ್ಮ ಚಿಕ್ಕಮ್ಮನ್ನ ಕರೆಯೋಣ,” ಎಂದಳು ಅಮ್ಮ.

ಚಿಕ್ಕಮ್ಮ ಕೆಟ್ಟವಳಲ್ಲ. ಆದರೆ ಕೂತಲ್ಲಿ ನಿಂತಲ್ಲಿ ಅಕ್ಕನ ಮಗಳಿಗೆ ಗಂಡು ಹುಡುಕುತ್ತಾಳೆ. ಟೆಂಟಿನೊಳಗೆ ತಪ್ಪಿಸಿಕೊಂಡು ಹೋಗಲು ಇನ್ನೊಂದು ಕೋಣೆ ಇರುವುದಿಲ್ಲ.

“ಭಾನುವಾರ ಸಂಜೆ ಕ್ಯಾಂಪಿನಿಂದ ಫೋನ್ ಬರುತ್ತೆ. ಅಷ್ಟರೊಳಗೆ ನಾನೇ ಒಬ್ಬರನ್ನ ಹುಡುಕ್ತೀನಿ,” ಎಂದಳು ಅವಳು.

ಹುಡುಕುವುದೇನೂ ಇರಲಿಲ್ಲ. ಕೇಳುವುದಷ್ಟೇ ಬಾಕಿ.

ಕೇಳಬೇಕಾದವನದು ಟೆಂಟ್ ಬಾಡಿಗೆಗೆ ಕೊಡುವ ಅಂಗಡಿ. ಗಿರಾಕಿ ತನ್ನ ಕಣ್ಣೆದುರು ಒಮ್ಮೆ ಹಾಕಿ ತೋರಿಸದೆ ಟೆಂಟ್ ಕೊಡುವುದಿಲ್ಲ. “ಆಮೇಲೆ ಮಳೆಯಲ್ಲಿ ನಿಂತ್ಕೊಂಡು ಫೋನಲ್ಲಿ ನನಗೆ ಬೈತಾರೆ” ಎನ್ನುವುದು ಅವನ ಕಾರಣ. ಪರೀಕ್ಷೆ ನಡೆಯುವುದು ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ.

ಅವಳು ಅಲ್ಲಿಗೆ ಹೋದಾಗಲೆಲ್ಲ ಫೇಲಾಗಿದ್ದಳು. ಅವಳ ಕೆಲಸ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು. ಮುರಿದ ಮೊಣಕೈಯನ್ನು ನೋಯದಂತೆ ಬೇಕಾದ ಕೋನಕ್ಕೆ ತಿರುಗಿಸುವ ಕೈಗಳಿಗೆ ಒಂದು ಹಗ್ಗದ ಗಂಟು ನಿಲ್ಲಿಸಲು ಬರುತ್ತಿರಲಿಲ್ಲ.

ಅವತ್ತು ಅವನು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ.

“ಒಂದು ಮಾತು ಕೇಳ್ಲಾ?”

“ಕೇಳಿ.”

“ಗಂಟು ಸರಿಯಾಗೇ ಹಾಕ್ತೀರಿ. ನಾನು ಆ ಕಡೆ ತಿರುಗಿದ ಕೂಡಲೇ ಬಿಚ್ತೀರಿ. ಯಾಕೆ?”

ಅವಳು ತಲೆ ತಗ್ಗಿಸಲಿಲ್ಲ. “ಪಾಸಾದ್ರೆ ಮತ್ತೆ ಬರೋಕೆ ನೆಪ ಬೇಡ್ವಾ?”

ಕೆಂಪಾದದ್ದು ಅವನು. ಮೊದಲು ಕಿವಿ, ಆಮೇಲೆ ಕತ್ತು. ಮಾತು ಬದಲಿಸಲು ಸುತ್ತಿಗೆ ಹುಡುಕಿದ. ಅದು ಅವನ ಕೈಯಲ್ಲೇ ಇತ್ತು.

“ನಮ್ಮ ಜೊತೆ ಸರೋವರಕ್ಕೆ ಬರ್ತೀರಾ?” ಎಂದಳು. “ಒಬ್ಬರು ಕಡಿಮೆ ಇದ್ದಾರೆ.”

“ಲೆಕ್ಕ ತುಂಬ್ಸೋಕಾ?”

ಅವಳು ಉತ್ತರಕ್ಕೆ ಒಂದು ಕ್ಷಣ ತಡಮಾಡಿದಳು. ಅಷ್ಟಕ್ಕೇ ಅವನ ಮುಖ ಸಪ್ಪಗಾಯಿತು.

“ಹಾಗಾದ್ರೆ ಬೇಡ. ನನಗೂ ನಿಮ್ಮ ಮೇಲೆ ಮನಸ್ಸಿದೆ, ಇಲ್ಲ ಅನ್ನಲ್ಲ. ಅದಕ್ಕೇ ಸುಮ್ನೆ ಯಾರೋ ಒಬ್ಬ ಅಂತ ಬರಲ್ಲ. ನಾನು ಯಾರಾಗಿ ಬರ್ಬೇಕು ಅನ್ನೋದನ್ನ ನಿಮ್ಮ ಮನೆಯವರ ಮುಂದೆ ಹೇಳಿ. ಆಗದಿದ್ರೆ ಈ ನೆಪಗಳೂ ಸಾಕು.”

“ಭಾನುವಾರ ಮನೆಗೇ ಬನ್ನಿ,” ಎಂದಳು. “ದೊಡ್ಡ ಟೆಂಟ್ ತನ್ನಿ. ಅವರಿಗೂ ಪರೀಕ್ಷೆ ಆಗ್ಬೇಕಲ್ಲ.”

ಮನೆ ಮೂರನೇ ಮಹಡಿಯಲ್ಲಿತ್ತು. ಹಾಲಿನ ಟೈಲ್ಸಿಗೆ ಗೂಟ ಹೊಡೆಯುವಂತಿರಲಿಲ್ಲ. ಒಂದು ಹಗ್ಗವನ್ನು ಸೋಫಾದ ಕಾಲಿಗೆ, ಒಂದನ್ನು ಊಟದ ಮೇಜಿಗೆ, ಇನ್ನೊಂದನ್ನು ಕಿಟಕಿಯ ಸರಳಿಗೆ ಕಟ್ಟಿದರು. ಕೊನೆಯದನ್ನು ಅಪ್ಪ ಶೋಕೇಸಿನ ಹಿಡಿಗೆ ಬಿಗಿದ.

“ಅಲ್ಲಿ ಬೇಡ ಸಾರ್,” ಎಂದ ಅವನು.

“ನಾನು ಹಾಕಿದ ಗಂಟು ಕಣಯ್ಯಾ. ಆನೆ ಎಳೆದ್ರೂ ಬಿಚ್ಚಲ್ಲ.”

ಅವನು ಒಳಗೆ ನಡುಗಂಬ ಹಿಡಿದು ನಿಂತ. ಮನೆಯವರೆಲ್ಲ ಒಳಗೆ ತೂರಿ ಕೂತರು. ಅಮ್ಮ ಟೀ ಅಲ್ಲಿಗೇ ತಂದಳು. ಕಿತ್ತಳೆ ಬಟ್ಟೆಯ ಬೆಳಕಿನಲ್ಲಿ ಎಲ್ಲರ ಮುಖವೂ ಚೆನ್ನಾಗಿಯೇ ಕಾಣುತ್ತಿತ್ತು. ಅವನು ನೋಡುತ್ತಿದ್ದದ್ದು ಒಂದನ್ನೇ.

“ಕಂಬ ಎಲ್ಲರಿಗೂ ತೋರಿಸ್ತಾರೆ,” ಅತ್ತಿಗೆ ಅವಳ ಕಿವಿಯಲ್ಲಿ ಉಸುರಿದಳು, “ಕಣ್ಣು ಮಾತ್ರ ಒಬ್ಬರಿಗೆ.”

“ಸುಮ್ನಿರಿ ಅತ್ತಿಗೆ.”

ಫೋನ್ ಬಂತು. ಅಣ್ಣ ಸ್ಪೀಕರ್ ಹಾಕಿ ನಡುವೆ ಇಟ್ಟ. ಕ್ಯಾಂಪಿನ ಹೆಂಗಸು ಐದು ಜನರನ್ನು ಬರೆದುಕೊಂಡು, “ಆರನೆಯವರು?” ಎಂದಳು.

“ನನ್ನ ತಂಗಿ...” ಅಮ್ಮ ಶುರು ಮಾಡಿದಳು.

“ಚಿಕ್ಕಮ್ಮ ಅಲ್ಲ,” ಎಂದಳು ಅವಳು. “ಟೆಂಟ್ ಅಂಗಡಿಯವರು.”

“ಫ್ಯಾಮಿಲಿ ಜಾಗ ಮೇಡಂ, ಹೊರಗಿನವರಿಗೆ ಆಗಲ್ಲ. ಅವರು ನಿಮಗೇನಾಗ್ಬೇಕು?”

ಅವನು ಅವಳನ್ನೇ ನೋಡಿದ. ಹುಬ್ಬು ಒಂದಿಷ್ಟು ಮೇಲೇರಿತು, ಅಷ್ಟೇ. ಸಹಾಯಕ್ಕೆ ಬರಲಿಲ್ಲ.

ದೂರದ ಸಂಬಂಧಿ ಎಂದರೆ ಮುಗಿಯುತ್ತಿತ್ತು. ದಂಡೆ ಸಿಗುತ್ತಿತ್ತು. ಅವನು ಮಾತ್ರ ಟೆಂಟ್ ಮಡಚಿಕೊಂಡು ಮೆಟ್ಟಿಲಿಳಿದು ಹೋಗುತ್ತಿದ್ದ, ಮತ್ತೆ ಬರುತ್ತಿರಲಿಲ್ಲ.

“ನಾನು ಮದುವೆಯಾಗ್ಬೇಕು ಅಂತಿರೋ ಹುಡುಗ,” ಎಂದಳು. “ಅವರನ್ನ ಇನ್ನೂ ಕೇಳಿಲ್ಲ. ಈಗ ಕೇಳ್ತೀನಿ. ಸ್ವಲ್ಪ ಲೈನಲ್ಲಿರಿ.”

ಅಪ್ಪ ಎತ್ತಿದ ಟೀ ಕಪ್ ಬಾಯಿಯ ಹತ್ತಿರ ನಿಂತುಬಿಟ್ಟಿತು. ಅಣ್ಣ ಕೆಮ್ಮಿದ.

“ನಿಧಾನಕ್ಕೆ ಕೇಳಿ ಮೇಡಂ,” ಎಂದಿತು ಫೋನು. “ನನಗೇನೂ ಅವಸರ ಇಲ್ಲ.”

ಅವಳು ಅವನ ಕಡೆ ತಿರುಗಿದಳು. “ಅವತ್ತು ತಡಮಾಡಿದ್ದು ಅನುಮಾನದಿಂದ ಅಲ್ಲ. ಹೇಳೋಕೆ ಜಾಸ್ತಿ ಇತ್ತು, ಎಲ್ಲಿಂದ ಶುರು ಮಾಡೋದು ಗೊತ್ತಾಗ್ಲಿಲ್ಲ. ನೀವು ನನಗೆ ಇಷ್ಟ. ಟೆಂಟ್ ವಾಪಸ್ ಕೊಟ್ಟ ಮೇಲೂ ನೀವು ಬೇಕು. ಬರ್ತೀರಾ?”

ಅವನು ಬಗ್ಗಿ ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

“ಬರ್ಕೊಳ್ಳಿ ಮೇಡಂ. ಆರನೆಯವನು ನಾನೇ. ಅವರು ಹೇಳಿದ ಸಂಬಂಧವನ್ನೇ ಬರೀರಿ.”

ಎರಡೂ ಕೈ ಎಂದರೆ ಕಂಬ ಹಿಡಿಯಲು ಯಾರೂ ಇರಲಿಲ್ಲ.

ಟೆಂಟು ಎಲ್ಲರ ತಲೆಯ ಮೇಲೆ ಕುಸಿಯಿತು. ಆಚೆ ಗಾಜು ಸಿಡಿದ ಸದ್ದು.

“ಅಯ್ಯೋ, ನನ್ನ ಕಾಲು ತುಳಿದಿದ್ದು ಯಾರ್ರೀ!” ಅಮ್ಮ ಕೂಗಿದಳು.

“ಗಂಟು ಬಿಚ್ತಾ? ನೋಡಿ, ಬಿಚ್ಚಲಿಲ್ಲ!” ಎಂದ ಅಪ್ಪ.

“ಇಷ್ಟು ದಿನ ನಮಗೆ ಒಂದು ಮಾತು ಹೇಳ್ಲಿಲ್ಲ ನೋಡು ಇವಳು,” ಅಮ್ಮನ ದನಿ ಬಟ್ಟೆಯಡಿಯಿಂದಲೇ ಬಂತು. “ಏನಪ್ಪಾ, ಊಟ ಮಾಡ್ಕೊಂಡೇ ಹೋಗ್ಬೇಕು ನೀನು.”

“ಆಯ್ತಮ್ಮ,” ಎಂದ ಅವನು, ಎಲ್ಲಿಂದಲೋ. ಅವನ ಬೆರಳುಗಳು ಅವಳ ಮಣಿಕಟ್ಟನ್ನು ತಡವಿ ಹಿಡಿದವು. ನೋವಾಗುವಷ್ಟು ಗಟ್ಟಿಯಾಗಿ. ಅವಳು ಬಿಡಿಸಿಕೊಳ್ಳಲಿಲ್ಲ.

“ನಾವು ಪಾಸಾ?” ಪಿಸುಗುಟ್ಟಿದಳು.

“ಮನೆಯವರೆಲ್ಲ ಫೇಲ್. ನಾನೂ ಸೇರಿ.”

ಎಲ್ಲಿಯೋ ಬಿದ್ದಿದ್ದ ಫೋನು ಕೂಗುತ್ತಿತ್ತು: “ಹಲೋ? ದಂಡೆಯ ಜಾಗ ನಿಮಗೇ ಬರ್ಕೊಂಡಿದೀನಿ. ಹಲೋ?”

ಅಣ್ಣ ಬಟ್ಟೆ ಸರಿಸಿ ದೀಪ ಹಾಕಿದ. ಹೋದದ್ದು ಶೋಕೇಸಿನ ಒಂದು ಬಾಗಿಲು, ನಾಲ್ಕು ಟೀ ಕಪ್ಪು, ಅಪ್ಪನ ಕನ್ನಡಕದ ಬಲಗಡೆಯ ಗಾಜು.